ನಜೀರ್ ಸಾಬರು ಅಂದ್ರೆ ಬರೀ ಬೋರ್‌ವೆಲ್ ಅಲ್ಲ

ಅಬ್ದುಲ್ ನಜೀರ್ ಸಾಬ್ ಹೆಸರು ಹೇಳಿದರೆ ಹಳ್ಳಿ ಕಡೆ ಹಿರಿಯರು ಇವತ್ತಿಗೂ ಬೋರ್‌ವೆಲ್ ನೆನಪು ಮಾಡಿಕೊಳ್ಳುತ್ತಾರೆ. ನೀರ್ ಸಾಬ್ ಅಂತಲೇ ಕರೆದ ಜನ ಅವರು. ಆದರೆ ಅವರ ಇನ್ನೊಂದು ಕೆಲಸವನ್ನು ನಾವು ಹೆಚ್ಚುಕಡಿಮೆ ಮರೆತೇ ಬಿಟ್ಟಿದ್ದೇವೆ. ನನಗೆ ಬೇಜಾರು ಅದಕ್ಕೇ.

ಮೊದಲು ನೀರಿನ ವಿಷಯ. ಗುಂಡ್ಲುಪೇಟೆಯ ನಜೀರ್ ಸಾಬರು 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಯಾಗಿದ್ದರು. ಆಗ ಬರದ ಮೇಲೆ ಬರ. ರಾಯಚೂರು, ಗುಲ್ಬರ್ಗ ಕಡೆ ಮೆಟ್ಟಿಲು ಬಾವಿಗೆ ಇಳಿದು, ನೀರಲ್ಲಿ ಕಾಲಿಟ್ಟುಕೊಂಡೇ ಕೊಡ ತುಂಬಬೇಕಿತ್ತು. ಅದೇ ನೀರು ಕುಡಿದವರಿಗೆ ನಾರುಹುಣ್ಣು. ಕಾಲಿನ ಹುಣ್ಣಿನಿಂದ ದಾರದಂಥ ಹುಳ ಹೊರಗೆ ಬರೋದು, ಅದನ್ನು ಕಡ್ಡಿಗೆ ಸುತ್ತಿ ತುಂಡಾಗದ ಹಾಗೆ ದಿನಾ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಅಂಥ ಕಡೆ ಊರೂರಿಗೆ ಬೋರ್ ಕೊರೆಸಿ ಕೈಪಂಪು ಕೂರಿಸೋದು ಸುಮ್ನೆ ಒಂದು ಸ್ಕೀಮ್ ಅಲ್ಲ, ಮನೆಮಂದಿಯ ಜೀವ ಉಳಿಸೋ ಕೆಲಸ.

ಇನ್ನು ಪಂಚಾಯ್ತಿ. ನಜೀರ್ ಸಾಬರ ಮುತುವರ್ಜಿಯಿಂದ ಬಂದ ಕಾಯ್ದೆಯ ಪ್ರಕಾರ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು (ಈಗಿನ ಜಿಲ್ಲಾ ಪಂಚಾಯ್ತಿಯ ಥರದ್ದು), ಕೆಲವು ಹಳ್ಳಿಗಳಿಗೆ ಸೇರಿ ಒಂದರಂತೆ ಇದ್ದ ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ಆಯಿತು. ಹೆಂಗಸರಿಗೆ ಶೇ. 25 ಮೀಸಲಾತಿ ಇತ್ತು. ಪಂಚಾಯ್ತಿಗಳಲ್ಲಿ ಹೆಂಗಸರ ಮೀಸಲಾತಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿ ಆಗಿನ್ನೂ ಬಂದೇ ಇರಲಿಲ್ಲ, ನೋಡಿ! ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಸೀನಿಯರ್ ಆದ ಐಎಎಸ್ ಅಧಿಕಾರಿ. ಅಂದರೆ ಡಿಸಿ ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಜಿಲ್ಲೆಯಲ್ಲಿ, ಜನ ಆರಿಸಿದವರೇ ಅಭಿವೃದ್ಧಿಯ ಯಜಮಾನರಾದರು. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ರಸ್ತೆ ಎಲ್ಲದರ ದುಡ್ಡೂ ನೌಕರರೂ ವಿಧಾನಸೌಧದಿಂದ ಕೆಳಗಿಳಿದರು. ಇದು ಎಷ್ಟೋ ಶಾಸಕರಿಗೆ ಇಷ್ಟವಾಗಲಿಲ್ಲ, ತಮ್ಮ ಹಿಡಿತ ತಪ್ಪುತ್ತೆ ಅನ್ನೋ ಭಯ. ಖುರ್ಚಿ ಸಿಕ್ಕಿದ ಮೇಲೆ ಅಧಿಕಾರ ಜಾಸ್ತಿ ಮಾಡಿಕೊಳ್ಳೋರನ್ನು ಬೇಕಾದಷ್ಟು ನೋಡಿದ್ದೇವೆ, ಆದರೆ ತನ್ನ ಇಲಾಖೆಯ ಅಧಿಕಾರವನ್ನೇ ಹಂಚಿಬಿಡೋಕೆ ಹಟ ಹಿಡಿದ ಮಂತ್ರಿ ನನಗೆ ಬೇರೆ ಯಾರೂ ನೆನಪಾಗುತ್ತಿಲ್ಲ.

ಚುನಾವಣೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ, 1988ರಲ್ಲಿ ಕ್ಯಾನ್ಸರ್ ಅವರನ್ನು ಕರೆದುಕೊಂಡು ಹೋಯಿತು. ಆ ಪರಿಷತ್ತುಗಳ ಅವಧಿ ಮುಗಿದಾಗ ಮತ್ತೆ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. ಅದೇ ಕಥೆ ನಮ್ಮ ಕಾಲದಲ್ಲೂ ಆಗಿದೆ. 2016ರಲ್ಲಿ ಆರಿಸಿದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಯಾವ ಪಕ್ಷದ ಸರ್ಕಾರ ಬಂದರೂ ಅಷ್ಟೇ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ಕಾರಣ ಕೊಡುತ್ತಲೇ ಹೋದರು.

ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ನಜೀರ್ ಸಾಬರ ಹೆಸರಿಟ್ಟಿದ್ದಾರೆ, ಸಂತೋಷ. ಆದರೆ ಅವರು ಕೇಳಿದ್ದು ಐದು ವರ್ಷಕ್ಕೊಮ್ಮೆ ತಪ್ಪದೆ ಚುನಾವಣೆ, ಅದನ್ನು ಮಾಡೋಕೆ ಇಷ್ಟು ಕಷ್ಟ ಯಾಕೆ?