ಶಿರಸಿಯ ಪಿನ್‌ಕೋಡ್ ಮತ್ತು ಎರಡು ವರ್ಗಗಳು

ಕಾರವಾರದಲ್ಲಿರುವ ಅಕ್ಕನಿಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಪಾರ್ಸೆಲ್ ಕಟ್ಟಿ ವಿಳಾಸ ಬರೆಯುವಾಗ, ಅವಳ ಊರಿನ 581301 ಮತ್ತು ನಮ್ಮ ಶಿರಸಿಯ 581401 ಎಂಬ ಪಿನ್‌ಕೋಡ್‌ಗಳು ಮೊದಲ ಬಾರಿಗೆ ನನಗೆ ಬರಿಯ ಸಂಖ್ಯೆಗಳಾಗಿ ಕಂಡವು. ಅಂದು ರಾತ್ರಿ ಮಳೆಗೆ ಕರೆಂಟು ಹೋಗಿದ್ದರಿಂದ, ಮೇಣದಬತ್ತಿ ಹಚ್ಚಿಕೊಂಡು ಎರಡನ್ನೂ ಕಾಗದದ ಮೇಲೆ ಭಾಗಿಸಿ ನೋಡಲು ಕುಳಿತೆ.

ಕಾರವಾರದ ಸಂಖ್ಯೆ ಬೇಗ ಒಡೆಯಿತು. ಅಂಕಿಗಳ ಮೊತ್ತ 18 ಆದ್ದರಿಂದ ಅದು 9ರಿಂದ ಭಾಗವಾಗುತ್ತದೆ. ಉಳಿಯುವ 64589 ಎಂಬುದು 7 ಮತ್ತು 9227ರ ಗುಣಲಬ್ಧ, ಮತ್ತು 9227 ಅವಿಭಾಜ್ಯ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು.

ಶಿರಸಿಯ ಸಂಖ್ಯೆ ಹಾಗೆ ಜಗ್ಗಲಿಲ್ಲ. 2, 3, 5, 17, 19 ಇವುಗಳಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 1 ಉಳಿಯುತ್ತದೆ. ಅದರ ವರ್ಗಮೂಲ 762ಕ್ಕಿಂತ ತುಸು ಹೆಚ್ಚಾದ್ದರಿಂದ, ಅಲ್ಲಿಯವರೆಗಿನ 135 ಅವಿಭಾಜ್ಯಗಳಿಂದಲೂ ಭಾಗಿಸಿ ನೋಡದೆ ಅದು ಅವಿಭಾಜ್ಯವೆಂದು ಹೇಳುವಂತಿಲ್ಲ. 199ರವರೆಗೆ ಭಾಗಿಸಿ, ಬಹುಶಃ ಅವಿಭಾಜ್ಯವೇ ಇರಬೇಕೆಂದುಕೊಂಡು ಮಲಗಿದೆ.

ಮರುದಿನ ಬೇರೊಂದು ದಾರಿ ಹೊಳೆಯಿತು. 4ರಿಂದ ಭಾಗಿಸಿದಾಗ ಶೇಷ 1 ಉಳಿಯುವ ಪ್ರತಿಯೊಂದು ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದು. 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ಹೇಳಿದ ಈ ಮಾತನ್ನು 18ನೇ ಶತಮಾನದಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಸಾಧಿಸಿ ತೋರಿಸಿದ. 581401ಕ್ಕೂ ಶೇಷ 1. ಹಾಗಾದರೆ ಆ ಎರಡು ವರ್ಗಗಳು ಯಾವುವು? ಕೊನೆಯ ಅಂಕಿ 1 ಬರಬೇಕಾದರೆ ವರ್ಗಗಳ ಕೊನೆಯ ಅಂಕಿಗಳು 0 ಮತ್ತು 1 ಆಗಿರಬೇಕು, ಇಲ್ಲವೇ 5 ಮತ್ತು 6. ಇದಲ್ಲದೆ 8ರಿಂದ ಭಾಗಿಸಿದಾಗಲೂ ಶೇಷ 1 ಆದ್ದರಿಂದ, ವರ್ಗ ಮಾಡುವ ಎರಡು ಸಂಖ್ಯೆಗಳಲ್ಲಿ ಸಮವಾದದ್ದು 4ರ ಗುಣಕವಾಗಲೇಬೇಕು. ಮೊದಲ ಬಗೆಯನ್ನು ಹಿಡಿದರೆ 20ರ ಗುಣಕಗಳನ್ನಷ್ಟೇ ಪರೀಕ್ಷಿಸಿದರೆ ಸಾಕು, ಅವು ಕೇವಲ 38. ಹದಿನೈದನೆಯದಕ್ಕೇ ಉತ್ತರ ದೊರೆಯಿತು: 300ರ ವರ್ಗವನ್ನು ಕಳೆದರೆ ಉಳಿಯುವ 491401 ಎಂಬುದು 701ರ ವರ್ಗ. ನಿಲ್ಲಿಸದೆ ಮುಂದುವರಿದದ್ದು ಒಳ್ಳೆಯದಾಯಿತು, ಏಕೆಂದರೆ 720ರ ವರ್ಗವನ್ನು ಕಳೆದಾಗ 63001 ಉಳಿಯಿತು, ಅದು 251ರ ವರ್ಗ.

ಎರಡು ರೀತಿ ಸಿಕ್ಕಿದ ಮೇಲೆ ಅದು ಅವಿಭಾಜ್ಯವಾಗಿರಲು ಸಾಧ್ಯವಿಲ್ಲ. ಆಯ್ಲರ್ 1000009ನ್ನು ಒಡೆದದ್ದೂ ಇದೇ ಉಪಾಯದಿಂದ. 701ರಿಂದ 251 ಕಳೆದರೆ 450, 720ರಿಂದ 300 ಕಳೆದರೆ 420, ಇವುಗಳ ಮಹತ್ತಮ ಸಾಮಾನ್ಯ ಅಪವರ್ತನ 30. ಕಳೆಯುವ ಬದಲು ಅದೇ ಜೋಡಿಗಳನ್ನು ಕೂಡಿದರೆ ಬರುವ 952 ಮತ್ತು 1020ಕ್ಕೆ 68. ಇವುಗಳ ಅರ್ಧ 15 ಮತ್ತು 34. ಅವುಗಳ ವರ್ಗಗಳ ಮೊತ್ತ 1381. ಭಾಗಿಸಿದೆ: 581401 ಎಂದರೆ 421 × 1381, ಎರಡೂ ಅವಿಭಾಜ್ಯಗಳೇ. 421 ಎಂಬುದು 82ನೆಯ ಅವಿಭಾಜ್ಯ. ಹಿಂದಿನ ರಾತ್ರಿಯ ದಾರಿಯಲ್ಲೇ ಹೋಗಿದ್ದರೆ ಅದಕ್ಕೂ ಮೊದಲು 81 ಭಾಗಾಕಾರಗಳು ವ್ಯರ್ಥವಾಗಬೇಕಿತ್ತು.

ನನಗೆ ಎಲ್ಲಕ್ಕಿಂತ ಸುಂದರವಾಗಿ ಕಂಡದ್ದು ಹಿಮ್ಮುಖದ ಲೆಕ್ಕ. 421 ಎಂದರೆ 15 ಮತ್ತು 14ರ ವರ್ಗಗಳ ಮೊತ್ತ, 1381 ಎಂದರೆ 34 ಮತ್ತು 15ರ ವರ್ಗಗಳದ್ದು. ಇಂಥ ಎರಡು ಮೊತ್ತಗಳನ್ನು ಗುಣಿಸಲು ಬ್ರಹ್ಮಗುಪ್ತ 7ನೇ ಶತಮಾನದಲ್ಲಿಯೇ ಕೊಟ್ಟ ಭಾವನಾ ಸೂತ್ರದಂತೆ ಅಡ್ಡಡ್ಡ ಗುಣಿಸಿದರೆ 15 × 34 = 510, 14 × 15 = 210; ಕೂಡಿದರೆ 720, ಕಳೆದರೆ 300. ಹಾಗೆಯೇ 14 × 34 = 476, 15 × 15 = 225; ಕಳೆದರೆ 251, ಕೂಡಿದರೆ 701.

ಅಕ್ಕನ ಊರಿನ ಸಂಖ್ಯೆಯನ್ನೂ 4ರಿಂದ ಭಾಗಿಸಿದರೆ ಶೇಷ 1. ಆದರೆ ಅದರೊಳಗಿನ 7 ಮತ್ತು 9227 ಎರಡಕ್ಕೂ ಶೇಷ 3, ಮತ್ತು ಅವು ಒಂದೊಂದೇ ಸಲ ಬಂದಿವೆ. ಶೇಷ 3 ಇರುವ ಅವಿಭಾಜ್ಯ ಎರಡು, ನಾಲ್ಕು ಹೀಗೆ ಸಮಸಂಖ್ಯೆಯ ಸಲ ಬಂದರಷ್ಟೇ ಅಂಥ ಮೊತ್ತ ಸಾಧ್ಯ. ಆದ್ದರಿಂದ ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಯಾವ ರೀತಿಯಲ್ಲೂ ಬರುವುದಿಲ್ಲ.