ಸಿ ಡ್ರೈವ್ ಕೆಂಪಾದ ದಿನ

ವಿಡಿಯೋ ಸೇವ್ ಆಗಲೇ ಇಲ್ಲ. 98 ಪರ್ಸೆಂಟ್‌ವರೆಗೂ ಬಂದು, ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಕೈಚೆಲ್ಲಿತು. ನೋಡಿದರೆ ಸಿ ಡ್ರೈವಿನ ಪಟ್ಟಿ ಪೂರ್ತಿ ಕೆಂಪು. 238 ಜಿಬಿಯಲ್ಲಿ ಉಳಿದಿದ್ದು 900 ಎಂಬಿ.

ಕೊಂಡಾಗ ಡಬ್ಬದ ಮೇಲೆ 256 ಅಂತ ಇತ್ತಲ್ವಾ, ಮಿಕ್ಕ 18 ಎಲ್ಲಿ ಹೋಯಿತು ಅಂತ ಮೊದಲು ಅದರ ಮೇಲೇ ಸಿಟ್ಟು ಬಂತು. ಅದು ಎಲ್ಲೂ ಹೋಗಿರಲಿಲ್ಲ. ಡಿಸ್ಕ್ ಮಾಡುವವರಿಗೆ ಒಂದು ಜಿಬಿ ಎಂದರೆ 100 ಕೋಟಿ ಬೈಟ್, ವಿಂಡೋಸ್ ಲೆಕ್ಕದಲ್ಲಿ 107 ಕೋಟಿಗೂ ಜಾಸ್ತಿ. ಸೇರು ಬೇರೆ, ಕಾಳು ಅಷ್ಟೇ.

ಸರಿ, ಅಳಿಸೋಣ ಅಂತ ಕೂತೆ. ಶುರು ಮಾಡಿದ್ದು ಫೋಟೋಗಳಿಂದ. ಒಂದೊಂದನ್ನೂ ತೆರೆದು, ಇದು ಬೇಕಾ ಬೇಡವಾ ಅಂತ ಯೋಚಿಸಿ, ಕೈ ಅಲುಗಿ ಮಂಕಾದವನ್ನೆಲ್ಲ ತೆಗೆದೆ. ಎರಡು ಗಂಟೆ, ನಾನೂರು ಫೋಟೋ, ಹತ್ತಿರ ಹತ್ತಿರ ಒಂದು ಜಿಬಿ. ಆಸೆಯಿಂದ ಸಿ ಡ್ರೈವ್ ನೋಡಿದರೆ ಅದೇ 900 ಎಂಬಿ! ರೀಸೈಕಲ್ ಬಿನ್ ಇರುವುದೂ ಅದೇ ಡಿಸ್ಕಿನಲ್ಲಿ ಅನ್ನುವುದು ಆಮೇಲೆ ಹೊಳೆಯಿತು. ಈ ಕೋಣೆಯ ಕಸ ಆ ಮೂಲೆಗೆ ಗುಡಿಸಿದ್ದೆ, ಅಷ್ಟೇ.

ಬೇಸರದಲ್ಲಿ ಬಿನ್ ಹಾಗೇ ಬಿಟ್ಟು ವಿನ್‌ಡಿರ್‌ಸ್ಟಾಟ್ ಹಾಕಿಕೊಂಡೆ. ಇಡೀ ಡಿಸ್ಕನ್ನು ಬಣ್ಣಬಣ್ಣದ ಚೌಕಗಳಾಗಿ ತೋರಿಸುವ ಉಚಿತ ತಂತ್ರಾಂಶ ಅದು. ಫೈಲ್ ದೊಡ್ಡದಾದಷ್ಟೂ ಚೌಕ ದೊಡ್ಡದು. ಈ ಬಗೆಯ ಚಿತ್ರಕ್ಕೆ ಟ್ರೀಮ್ಯಾಪ್ ಅಂತ ಹೆಸರು. ಅದು ಹುಟ್ಟಿದ್ದೂ ಡಿಸ್ಕ್ ತುಂಬಿದ ಗೋಳಿನಿಂದಲೇ. 1990ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 14 ಜನ ಹಂಚಿಕೊಂಡಿದ್ದ 80 ಎಂಬಿ ಡಿಸ್ಕ್ ತುಂಬಿ, ಜಾಗ ಯಾರು ತಿಂದರು ಅಂತ ಹುಡುಕಲು ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ಬೆನ್ ಶ್ನೈಡರ್‌ಮನ್ ಇದನ್ನು ಯೋಚಿಸಿದರಂತೆ. 80 ಎಂಬಿ! ನನ್ನ ಒಂದು ಚಿಕ್ಕ ವಿಡಿಯೋಗೂ ಸಾಲದು.

ಚಿತ್ರ ಮೂಡಿತು. ನಾನು ಎರಡು ಗಂಟೆ ಗುದ್ದಾಡಿದ ಫೋಟೋಗಳು ಒಂದು ಮೂಲೆಯಲ್ಲಿ ಸಾಸಿವೆಯಷ್ಟು. ನಡುವೆ ಕೂತಿದ್ದವರು ನನಗೆ ಗುರುತೇ ಇಲ್ಲದವರು.

ಹೈಬರ್‌ಫಿಲ್ ಅನ್ನುವುದು 6.4 ಜಿಬಿ. ಹೈಬರ್ನೇಟ್ ಮಾಡಿದಾಗ, ಅಂದರೆ ತೆರೆದ ಕೆಲಸ ಹಾಗೇ ಉಳಿಸಿಕೊಂಡು ಕಂಪ್ಯೂಟರ್ ಆಫ್ ಮಾಡಿದಾಗ, ರ‍್ಯಾಮಿನಲ್ಲಿ ಇರುವುದನ್ನು ಬರೆದಿಡಲು ಮೊದಲೇ ಹಿಡಿದಿಟ್ಟ ಜಾಗ. ನಾನು ಯಾವತ್ತೂ ಹೈಬರ್ನೇಟ್ ಮಾಡಿದವನಲ್ಲ. ಕಮಾಂಡ್ ಪ್ರಾಂಪ್ಟಿನಲ್ಲಿ ಒಂದೇ ಸಾಲು ಬರೆದು ಅದನ್ನು ಆಫ್ ಮಾಡಿದೆ. ಕಂಪ್ಯೂಟರ್ ಆನ್ ಆಗುವುದು ಸ್ವಲ್ಪ ನಿಧಾನವಾಯಿತು, ಪರವಾಗಿಲ್ಲ. ಹೋದ ವಾರ ವಿಂಡೋಸಿನ ಹೊಸ ಆವೃತ್ತಿ ಹಾಕಿದ್ದೆ. ಹಳೆಯದು ವಿಂಡೋಸ್.ಓಲ್ಡ್ ಎಂಬ ಫೋಲ್ಡರಿನಲ್ಲಿ 22 ಜಿಬಿ ಹಿಡಿದು ಕೂತಿತ್ತು. ಹತ್ತು ದಿನ ಕಳೆದರೆ ತಾನೇ ಹೋಗುತ್ತದೆ. ನನಗೆ ತಾಳ್ಮೆ ಇರಲಿಲ್ಲ, ಡಿಸ್ಕ್ ಕ್ಲೀನಪ್‌ನಿಂದ ತೆಗೆಸಿದೆ. ವಿಂಡೋಸ್ ತನ್ನದೇ ಬಿಡಿಭಾಗಗಳನ್ನು ಇಟ್ಟುಕೊಳ್ಳುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ನೋಡಿ ಕೈ ತುರಿಸಿತು, ಆದರೆ ಮುಟ್ಟಲಿಲ್ಲ. ಒಂದೇ ಫೈಲ್ ಅಲ್ಲಿ ಎರಡೆರಡು ಹೆಸರಿನಲ್ಲಿ ಲೆಕ್ಕಕ್ಕೆ ಬರುವುದರಿಂದ ಅದು ಇರುವುದಕ್ಕಿಂತ ದಪ್ಪಗೆ ಕಾಣುತ್ತದೆ. ಕೈಯಾರೆ ಅಳಿಸಿದರೆ ಕಂಪ್ಯೂಟರ್ ಏಳದೇ ಹೋಗಬಹುದು.

ಎಲ್ಲಕ್ಕಿಂತ ದೊಡ್ಡ ಚೌಕ, 31 ಜಿಬಿ, ಹಳೇ ಫೋನಿನ ಬ್ಯಾಕಪ್. ಫೋನ್ ಹಾಳಾಗಿ ನಾಲ್ಕು ವರ್ಷವಾಗಿದೆ. ಒಳಗೆ ಏನಿದೆ ಅಂತ ನೋಡೋಣವೆಂದರೆ ಫೈಲ್‌ಗಳಿಗೆ ಹೆಸರೇ ಇಲ್ಲ, ಸುಮ್ನೆ ಅಕ್ಷರ ಅಂಕಿಗಳ ಉದ್ದುದ್ದ ಸಾಲು. ಆ ಫೋನಿನಲ್ಲಿ ಅಜ್ಜಿಯ ಎರಡು ವಾಯ್ಸ್ ಮೆಸೇಜ್ ಇದ್ದವು. ಅಜ್ಜಿ ಈಗಿಲ್ಲ. ಅವು ಈ ರಾಶಿಯೊಳಗೆ ಇವೆಯೋ ಇಲ್ಲವೋ ಗೊತ್ತಿಲ್ಲ. ಶಿಫ್ಟ್, ಡಿಲೀಟ್ ಎರಡರ ಮೇಲೂ ಬೆರಳಿಟ್ಟು ತುಂಬಾ ಹೊತ್ತು ಕೂತಿದ್ದೆ. ಕೊನೆಗೆ ಎಕ್ಸ್‌ಟರ್ನಲ್ ಡಿಸ್ಕ್ ಹುಡುಕಿ ತಂದು ಪೂರ್ತಿ ಕಾಪಿ ಮಾಡಿದೆ. ಚಿಕ್ಕಚಿಕ್ಕ ಫೈಲ್‌ಗಳು ಸಾವಿರಾರು ಇದ್ದುದರಿಂದ ಸಂಜೆಯೇ ಆಯಿತು. ಇಲ್ಲಿಂದ ಅಳಿಸಿದ್ದು ಆಮೇಲೆ.

ಈಗ 60 ಜಿಬಿ ಖಾಲಿ. ಪಟ್ಟಿ ನೀಲಿಯಾಯಿತು, ವಿಡಿಯೋ ಸೇವ್ ಆಯಿತು. ಮಲಗುವ ಮುಂಚೆ ರೀಸೈಕಲ್ ಬಿನ್ ಖಾಲಿ ಮಾಡೋಣ ಅಂತ ತೆರೆದೆ. ನಾನೂರು ಮಂಕು ಫೋಟೋಗಳು ಅಲ್ಲೇ ಬಿದ್ದಿದ್ದವು. ಎಲ್ಲವನ್ನೂ ಸೆಲೆಕ್ಟ್ ಮಾಡಿ ರಿಸ್ಟೋರ್ ಒತ್ತಿದೆ.