ಅಷ್ಟೆಲ್ಲ ಬದಲಾಯಿಸಿದ ಮೇಲೂ ಅದು ಹಳೆಯ ಗಾಡಿಯೇ?

ನನ್ನ 1949ರ ಷೆವರ್ಲೆ 3100 ಪಿಕಪ್ ಟ್ರಕ್ಕನ್ನು ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಬ್ರೇಕು, ವೈರಿಂಗು ಎಲ್ಲ ಹೊಸದು ಹಾಕಿಸಿದ್ದೀರಲ್ಲ, ಇನ್ನು ಇದನ್ನು ಹಳೆಯ ಗಾಡಿ ಎನ್ನುವುದು ಹೇಗೆ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳುವವರಿಗೆ ಇದನ್ನೇ ಓದಲು ಕೊಡುತ್ತೇನೆ. ಹೌದು, ಅದು ಹಳೆಯ ಗಾಡಿಯೇ.

ಕಳ್ಳಮಾಲು ಪತ್ತೆ ಹಚ್ಚಿದ ದನಿಯಲ್ಲಿ ಅದನ್ನು ಕೇಳುವ ಧಾಟಿ ನನಗೆ ಹಿಡಿಸುವುದಿಲ್ಲ. ಹಳೆಯ ವಾಹನಗಳ ಪ್ರದರ್ಶನವೊಂದರಲ್ಲಿ ಹಿರಿಯರೊಬ್ಬರು ಮಂಡಿಯೂರಿ, ಮುಂದಿನ ಚಕ್ರದ ಹಿಂಬದಿಗೆ ಟಾರ್ಚು ಬಿಟ್ಟು, ಹಳೆಯ ಡ್ರಮ್ ಬ್ರೇಕಿನ ಬದಲು ನಾನು ಹಾಕಿಸಿದ ಡಿಸ್ಕ್ ಬ್ರೇಕು ಕಂಡೊಡನೆ ಎದ್ದು ನಿಂತು, ಸುತ್ತಲಿದ್ದವರಿಗೆಲ್ಲ ಕೇಳುವಂತೆ "ಕೆಡಿಸಿಬಿಟ್ಟಿದ್ದೀರಿ" ಎಂದರು. ಈ ಗಾಡಿ ಕಾರ್ಖಾನೆಯಿಂದ ಬಂದಾಗ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ಲನ್ನು ಚಕ್ರಗಳತ್ತ ತಳ್ಳುವ ಅದರ ಮಾಸ್ಟರ್ ಸಿಲಿಂಡರಿಗೆ ಇದ್ದದ್ದು ಒಂದೇ ಕೋಣೆ. ಎಲ್ಲಾದರೂ ಒಂದು ಪೈಪು ಒಡೆದು ಬ್ರೇಕ್ ಆಯಿಲ್ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೇ ಹೋಗುತ್ತಿತ್ತು ಎಂದು ಅವರಿಗೆ ಹೇಳಿದೆ. ಈಗಿರುವುದು ಎರಡು ಕೋಣೆಯದು. ಮುಂದಿನದು ಕೈಕೊಟ್ಟರೂ ಹಿಂದಿನದು ಹಿಡಿಯುತ್ತದೆ. ಮಾಸ್ಟರ್ ಸಿಲಿಂಡರು ಇಂದಿಗೂ ತನ್ನ ಹಳೆಯ ಜಾಗದಲ್ಲಿ, ಕಾಲಡಿಯ ತಗಡಿನ ಕೆಳಗೇ ಇದೆ. ಅದು ಡಿಸ್ಕನ್ನು ಹಿಡಿಯುವ ಕ್ಯಾಲಿಪರುಗಳಿಗಿಂತ ತಗ್ಗಿನಲ್ಲಿರುವುದರಿಂದ ಆಯಿಲ್ ಹಿಂದಕ್ಕೆ ಇಳಿದುಹೋಗದಂತೆ ಮುಂದಿನ ಡಿಸ್ಕುಗಳಿಗೆ 2 ಪಿಎಸ್‌ಐ (ಚದರ ಇಂಚಿಗೆ ಪೌಂಡು), ಹಿಂದಿನ ಡ್ರಮ್ಮುಗಳಿಗೆ 10 ಪಿಎಸ್‌ಐ ಒತ್ತಡ ಉಳಿಸುವ ವಾಲ್ವುಗಳನ್ನು ಕೂರಿಸಬೇಕಾಯಿತು. ಇಷ್ಟನ್ನು ವಿವರಿಸಿ ಮುಗಿಸುವಷ್ಟರಲ್ಲಿ ಅವರು ಪಕ್ಕದ ಗಾಡಿಯ ಚಕ್ರದಡಿ ತಲೆ ಹಾಕಿದ್ದರು.

ವೈರಿಂಗಿನ ವಿಷಯ ಚಿಕ್ಕದು. ಬಟ್ಟೆ ಸುತ್ತಿದ ಹಳೆಯ ತಂತಿಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಅವು ಬೆಂಕಿಗೆ ಆಹ್ವಾನ. 6 ವೋಲ್ಟಿನಿಂದ 12ಕ್ಕೆ ಬಂದದ್ದರಿಂದ ದೀಪಗಳು ದಾರಿ ತೋರಿಸುತ್ತವೆ. ಆಯಿಲ್ ಒತ್ತಡದ ಮತ್ತು ಶಾಖದ ಮೀಟರುಗಳಿಗೆ ವಿದ್ಯುತ್ತೇ ಬೇಡವಾದ್ದರಿಂದ ಅವನ್ನು ಮುಟ್ಟಲಿಲ್ಲ. ಪೆಟ್ರೋಲ್ ಮೀಟರಿಗೆ ಮಾತ್ರ ವೋಲ್ಟೇಜ್ ತಗ್ಗಿಸುವ ಪುಟ್ಟ ಸಾಧನವೊಂದನ್ನು ಜೋಡಿಸಿದೆ.

ಏನನ್ನು ಬದಲಾಯಿಸಲಿಲ್ಲ, ಏಕೆ ಬದಲಾಯಿಸಲಿಲ್ಲ ಎಂದು ಯಾರಾದರೂ ಕೇಳಬಾರದೇ? ಹೇಳಲು ನನ್ನಲ್ಲಿರುವುದು ಅಲ್ಲೇ. ಎಂಜಿನ್ನನ್ನು ಬದಲಾಯಿಸಲಿಲ್ಲ. ಸುಮಾರು 3.5 ಲೀಟರಿನ, ಆರು ಸಿಲಿಂಡರಿನ, 90 ಅಶ್ವಶಕ್ತಿಯ ಆ ಎಂಜಿನ್ನಿನಲ್ಲಿ ಪಿಸ್ಟನ್ನುಗಳನ್ನು ಕ್ರ್ಯಾಂಕ್ ಶಾಫ್ಟಿಗೆ ಕೂಡಿಸುವ ಕನೆಕ್ಟಿಂಗ್ ರಾಡುಗಳ ತುದಿಯ ಪುಟ್ಟ ಸೌಟುಗಳು ಆಯಿಲ್ಲನ್ನು ಮೊಗೆದು ತಮ್ಮ ಬೇರಿಂಗುಗಳಿಗೆ ಉಣಿಸುತ್ತವೆ. ಹಿಂದಿನ ಆಕ್ಸಲ್ಲಿನ ಅನುಪಾತ 4.11 ಆಗಿರುವುದರಿಂದ, ಅಂದರೆ ಚಕ್ರ ಒಂದು ಸುತ್ತು ಬರಲು ಡ್ರೈವ್ ಶಾಫ್ಟು 4.11 ಸುತ್ತು ತಿರುಗಬೇಕಾದ್ದರಿಂದ, ಗಂಟೆಗೆ 70-80 ಕಿಲೋಮೀಟರಿನಲ್ಲಿ ಅದು ನೆಮ್ಮದಿಯಾಗಿ ಓಡುತ್ತದೆ, ಅದಕ್ಕಿಂತ ಹೆಚ್ಚಿಗೆ ಒತ್ತಾಯಿಸಿದರೆ ಗೋಳಿಡುತ್ತದೆ. ಎಂಟು ಸಿಲಿಂಡರಿನ ವಿ8 ಎಂಜಿನ್ ಹಾಕಿಸಿ ಎನ್ನುವವರಿಗೆ ನನ್ನ ಉತ್ತರ ಇದು: ವಿ8 ಹಾಕಿದರೆ ಗೇರುಪೆಟ್ಟಿಗೆ ಬದಲಾಗಬೇಕು, ಕೊಳವೆಯೊಳಗಿನ ಹಳೆಯ ಡ್ರೈವ್ ಶಾಫ್ಟು ಹೋಗಬೇಕು, ಅದರೊಂದಿಗೆ ಆಕ್ಸಲ್ಲೂ ಹೋಗಬೇಕು, ಆ ವೇಗಕ್ಕೆ ಸ್ಟೀರಿಂಗು ಸಾಲದೆಂದು ಅದೂ ಹೋಗಬೇಕು, ಕೊನೆಗೆ ಹಳೆಯ ಮುಖವಾಡ ತೊಟ್ಟ ಹೊಸ ಗಾಡಿಯೊಂದು ನಿಂತಿರುತ್ತದೆ. ಈ ಎಂಜಿನ್ನು ರಿಪೇರಿಗೆ ಮೀರಿ ಕೆಟ್ಟರೆ, ಅದೇ ವಂಶದ, ಪಂಪಿನ ಒತ್ತಡದಿಂದ ಬೇರಿಂಗುಗಳಿಗೆಲ್ಲ ಆಯಿಲ್ ಹರಿಸುವ 1954ರ 235 (ಘನ ಇಂಚಿನ) ಎಂಜಿನ್ನನ್ನು ಹುಡುಕುತ್ತೇನೆಯೇ ಹೊರತು ಬೇರೆಯದನ್ನಲ್ಲ. ಕಾಲಿನಿಂದ ಒತ್ತಿ ಚಾಲೂ ಮಾಡುವ ಸ್ಟಾರ್ಟರೂ ಇದೆ, ಸ್ಟೀರಿಂಗ್ ಕಂಬದ ಮೇಲಿನ ಗೇರೂ ಇದೆ.

ಬಣ್ಣವನ್ನೂ ಹೊಡೆಸಲಿಲ್ಲ. ಕ್ಯಾಬಿನ ಹಿಂದಿನ ಕೆಳಮೂಲೆಗಳು ತುಕ್ಕು ತಿಂದಿದ್ದವು. ಅಷ್ಟು ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆದೆವು. ಮೇಲಿನ ಸವೆದ ಬಣ್ಣವನ್ನು ತೊಳೆದು, ಹೊಳಪಿಲ್ಲದ ಲೇಪ ಕೊಟ್ಟು ಹಾಗೆಯೇ ಬಿಟ್ಟೆ. ಬಾಗಿಲಿನ ಮೇಲೆ ಯಾರೋ ಕುಂಚದಿಂದ ಬರೆದ, ಅರ್ಧ ಅಳಿಸಿದ ಅಕ್ಷರಗಳಿವೆ. ಅವನ್ನು ಉಜ್ಜಿ ತೆಗೆಯಲು ಬಂದವರಿಗೆ ಕೈ ಅಡ್ಡ ಹಿಡಿದಿದ್ದೇನೆ. ಸಾಮಾನು ಹೇರಿ ಇಳಿಸಿ ಬಿದ್ದ ತಗ್ಗುಗಳಿಗೂ ಸುತ್ತಿಗೆ ತಾಗಿಲ್ಲ, ಏಕೆಂದರೆ ಈ ಗಾಡಿ ದುಡಿದಿದೆ ಎಂಬುದಕ್ಕೆ ಅವಲ್ಲದೆ ಬೇರೆ ಸಾಕ್ಷಿ ಇಲ್ಲ.

ಹೊಸದಾಗಿ ಬಂದ ಭಾಗಗಳೆಲ್ಲ ಹಳೆಯ ತೂತುಗಳಿಗೇ ಬೋಲ್ಟಾಗಿ ಕೂತಿವೆ. ಬಿಚ್ಚಿದವೆಲ್ಲ ಚೀಟಿ ಅಂಟಿಸಿದ ಪೆಟ್ಟಿಗೆಗಳಲ್ಲಿವೆ. ಮುಂದೆ ಯಾರಿಗಾದರೂ 1949ರ ಸ್ಥಿತಿಯೇ ಬೇಕಾದರೆ ಅವನ್ನು ಮರಳಿ ಜೋಡಿಸಿಕೊಳ್ಳಬಹುದು. ಸೀಟ್ ಬೆಲ್ಟು ಮಾತ್ರ ಬೇರೆ. ಅದಕ್ಕಾಗಿ ಕ್ಯಾಬಿನ ತಳದಲ್ಲಿ ಹೊಸ ತೂತು ಕೊರೆದು ಕೆಳಗೆ ದಪ್ಪ ಉಕ್ಕಿನ ತುಂಡುಗಳನ್ನು ಕೊಟ್ಟಿದ್ದೇನೆ. ಆ ತೂತುಗಳಿಗೆ ಯಾರಿಗೂ ಸಮಜಾಯಿಷಿ ಕೊಡುವುದಿಲ್ಲ.